ಹಸುವೂ ಕಲಿಯುತ್ತದೆ, ಇಲಿಯೂ ಕಲಿಯುತ್ತದೆ

ಹಾಲಿನ ಪಾತ್ರೆಯ ಸದ್ದು ಕೇಳಿದೊಡನೆ ಕೆಲವು ಹಸುಗಳ ಮೊಲೆಯಿಂದ ಹಾಲು ತೊಟ್ಟಿಕ್ಕತೊಡಗುತ್ತದೆ. ವಿಷದ ತಿನಿಸನ್ನು ಒಮ್ಮೆ ತಿಂದು ಬದುಕಿಕೊಂಡ ಇಲಿ ಮತ್ತೆ ಅದನ್ನು ಮುಟ್ಟುವುದಿಲ್ಲ. ಇವೆರಡೂ ಅನುಭವದಿಂದ ಬಂದ ಕಲಿಕೆ. ಪ್ರಾಣಿಗಳು ಕಲಿಯುವ ಬಗೆಯನ್ನು ಅರಿತರೆ ಹಾಲನ್ನೂ ಕಾಳನ್ನೂ ಉಳಿಸಿಕೊಳ್ಳಬಹುದು.

ಸದ್ದಿಗೇ ಹಾಲಿಳಿಸುವ ಹಸು

ಜೀರ್ಣಕ್ರಿಯೆಯ ಸಂಶೋಧನೆಗಾಗಿ 1904ರಲ್ಲಿ ನೊಬೆಲ್ ಪಾರಿತೋಷಕ ಪಡೆದ ರಷ್ಯಾದ ವಿಜ್ಞಾನಿ ಪಾವ್ಲೋವ್, ನಾಯಿಗಳ ಮೇಲೆ ಪ್ರಯೋಗ ನಡೆಸಿದರು. ಆಹಾರ ಕಂಡಾಗ ನಾಯಿ ಜೊಲ್ಲು ಸುರಿಸುತ್ತದೆ. ಪ್ರತಿ ಸಲವೂ ಆಹಾರಕ್ಕೆ ಮೊದಲು ಒಂದೇ ಸದ್ದು ಮಾಡುತ್ತಾ ಬಂದರೆ, ಮುಂದೆ ಬರಿಯ ಸದ್ದಿಗೇ ಜೊಲ್ಲು ಸುರಿಯುತ್ತದೆ. ಇದಕ್ಕೆ 'ಶಾಸ್ತ್ರೀಯ ಅನುಬಂಧನ' ಎಂದು ಹೆಸರು.

ಕರು ಮೊಲೆ ಚೀಪಿದಾಗ ಅಥವಾ ಕೆಚ್ಚಲನ್ನು ತೊಳೆದು ಒರೆಸಿದಾಗ, ಹಸುವಿನ ಮೆದುಳಿನಿಂದ ಆಕ್ಸಿಟೋಸಿನ್ ಎಂಬ ಹಾರ್ಮೋನು ರಕ್ತಕ್ಕೆ ಸೇರಿ, ಸುಮಾರು ಒಂದು ನಿಮಿಷದಲ್ಲಿ ಹಾಲು ಇಳಿಯುತ್ತದೆ. ಇದರ ಪ್ರಭಾವ ಕೆಲವೇ ನಿಮಿಷ. ದಿನವೂ ಅದೇ ವೇಳೆ, ಅದೇ ಜಾಗ, ಅದೇ ಕೈ ಇದ್ದರೆ ಹಸು ಆ ಸೂಚನೆಗಳಿಗೇ ಹಾಲಿಳಿಸಲು ಕಲಿಯುತ್ತದೆ.

ಹೊಡೆತವನ್ನೂ ಅದು ಹೀಗೆಯೇ ಕಲಿಯುತ್ತದೆ. ಹೊಡೆದವನು ಹತ್ತಿರ ಬಂದರೆ ಸಾಕು, ಹೆದರಿಕೆಯಿಂದ ಅಡ್ರಿನಲಿನ್ ಹೆಚ್ಚಿ ಹಾಲು ಕೆಚ್ಚಲಲ್ಲೇ ಉಳಿಯುತ್ತದೆ. ಹಾಲಿಳಿಸಲೆಂದು ತಾವಾಗಿಯೇ ಆಕ್ಸಿಟೋಸಿನ್ ಚುಚ್ಚುಮದ್ದು ಹಾಕುವುದು ಕಾನೂನಿನ ಪ್ರಕಾರ ಅಪರಾಧ. ಹಸು ಹಾಲು ಬಿಡದಿದ್ದರೆ ಪಶುವೈದ್ಯರಿಗೆ ತೋರಿಸಬೇಕು.

ಒದೆಯಲು ಕಲಿಸುವವರು ಯಾರು?

ಫಲ ಸಿಕ್ಕ ಕೆಲಸವನ್ನು ಪ್ರಾಣಿ ಮತ್ತೆ ಮಾಡುತ್ತದೆ ಎಂಬುದನ್ನು ಅಮೆರಿಕದ ಥಾರ್ನ್‌ಡೈಕ್ 1898ರಲ್ಲಿ, ಪೆಟ್ಟಿಗೆಯಿಂದ ಹೊರಬರಲು ಕಲಿತ ಬೆಕ್ಕುಗಳ ಮೂಲಕ ತೋರಿಸಿದರು. ಚೊಚ್ಚಲು ಹಸು ಒದ್ದ ತಕ್ಷಣ ಒಂದು ಹಿಡಿ ಹಿಂಡಿ ಹಾಕಿ ಸಮಾಧಾನ ಮಾಡಿದರೆ, ಒದ್ದರೆ ಹಿಂಡಿ ಸಿಗುತ್ತದೆ ಎಂದು ಅದು ಕಲಿಯುತ್ತದೆ. ಮೊದಲು ಮೊಲೆಯಲ್ಲಿ ಗಾಯ, ಬಾವು ಇದೆಯೇ ಎಂದು ನೋಡಬೇಕು. ಇಲ್ಲದಿದ್ದರೆ, ಸುಮ್ಮನೆ ನಿಂತಿರುವಾಗ ಮಾತ್ರ ತಿನಿಸು ಕೊಡಬೇಕು.

ವಿಷವನ್ನು ಅರಿತ ಇಲಿ

ಸಿಹಿ ನೀರು ಕುಡಿಸುವಾಗ ವಿಕಿರಣಕ್ಕೆ ಒಳಪಡಿಸಿದ ಇಲಿಗಳು ಆಮೇಲೆ ಸಿಹಿ ನೀರನ್ನೇ ದೂರವಿಟ್ಟವೆಂದು ಗಾರ್ಸಿಯಾ ಮತ್ತು ಸಂಗಡಿಗರು 1955ರಲ್ಲಿ ವರದಿ ಮಾಡಿದರು. ಹೊಲದಲ್ಲಿಯೂ ಹೀಗೆಯೇ. ಬೇಗ ಕೆಲಸ ಮಾಡುವ ಸತುವಿನ ಫಾಸ್ಫೈಡ್ ವಿಷವನ್ನು ನೇರವಾಗಿ ಇಟ್ಟರೆ, ಇಲಿ ಅನುಮಾನದಿಂದ ಸ್ವಲ್ಪವೇ ತಿಂದು, ಕಾಯಿಲೆ ಬಿದ್ದು ಚೇತರಿಸಿಕೊಂಡು, ಮತ್ತೆ ಆ ತಿನಿಸಿನ ಹತ್ತಿರ ಸುಳಿಯುವುದಿಲ್ಲ.

ಆದ್ದರಿಂದ:

1. ಮೊದಲು 2-3 ದಿನ, ಎಣ್ಣೆ ಸವರಿದ ನುಚ್ಚನ್ನು ವಿಷವಿಲ್ಲದೆ ಬಿಲದ ಬಳಿ ಇಟ್ಟು ರೂಢಿ ಮಾಡಿಸಿ.
2. ಅನಂತರ 96 ಭಾಗ ನುಚ್ಚು, 2 ಭಾಗ ಅಡುಗೆ ಎಣ್ಣೆ, 2 ಭಾಗ ಸತುವಿನ ಫಾಸ್ಫೈಡ್ ಬೆರೆಸಿ ಅದೇ ಜಾಗದಲ್ಲಿ ಇಡಿ.
3. ಕೈಚೀಲ ತೊಟ್ಟು ಕೋಲಿನಿಂದ ಬೆರೆಸಿ. ಮಕ್ಕಳು, ನಾಯಿ, ಕೋಳಿಗಳಿಗೆ ಸಿಗದಂತೆ ನೋಡಿಕೊಳ್ಳಿ. ಉಳಿದ ವಿಷವನ್ನೂ ಸತ್ತ ಇಲಿಗಳನ್ನೂ ಆಳವಾಗಿ ಹೂಳಿ. ಈ ವಿಷಕ್ಕೆ ಮದ್ದಿಲ್ಲ.
4. ಉಳಿದ ಇಲಿಗಳಿಗೆ ಅದೇ ವಿಷವನ್ನು ಕೂಡಲೇ ಮತ್ತೆ ಇಡಬೇಡಿ. ನಿಧಾನವಾಗಿ ಕೊಲ್ಲುವ ಬ್ರೋಮಡಿಯೋಲೋನ್ ಬಳಸಬಹುದು. ಕಾಯಿಲೆ ಕೆಲವು ದಿನಗಳ ಮೇಲೆ ತೋರುವುದರಿಂದ, ತಿಂದದ್ದಕ್ಕೂ ಕಾಯಿಲೆಗೂ ಇರುವ ನಂಟು ಇಲಿಗೆ ತಿಳಿಯದು.

ವಿಷ ಬಳಸುವ ಮೊದಲು ಹತ್ತಿರದ ರೈತ ಸಂಪರ್ಕ ಕೇಂದ್ರದಲ್ಲಿ ಸಲಹೆ ಪಡೆಯಿರಿ. ಅಕ್ಕಪಕ್ಕದ ಹೊಲದವರೆಲ್ಲರೂ ಸೇರಿ ಒಂದೇ ಸಮಯದಲ್ಲಿ ಈ ಕ್ರಮ ಕೈಗೊಂಡರೆ ಹೆಚ್ಚಿನ ಫಲ ದೊರೆಯುತ್ತದೆ.