ನಿಂಬೆಯ ಕಂಪು, ಲಾವಂಚದ ತಂಪು

ಬೇಸಿಗೆಯಲ್ಲಿ ಹೆಂಗಳೆಯರಿಗೆ ಗಾಢ ಅತ್ತರಿಗಿಂತ ನಿಂಬೆ, ಕಿತ್ತಳೆಯ ತಿಳಿಗಂಪಿನ ಸೆಂಟೇ ಹಿತ. ಇಟಲಿಯ ಫರೀನಾ ಮನೆತನ 1709ರಲ್ಲಿ ಜರ್ಮನಿಯ ಕಲೋನ್ ನಗರದಲ್ಲಿ ಅಂಗಡಿ ತೆರೆದು ಜನಪ್ರಿಯಗೊಳಿಸಿದ ‘ಕಲೋನ್ ನೀರು’ ಕೂಡ ಈ ಜಾತಿಯದೇ. ಆದರೆ ಬೆಳಿಗ್ಗೆ ಪೂಸಿಕೊಂಡದ್ದು ಮಧ್ಯಾಹ್ನಕ್ಕೆ ಮಾಯ! ಸಿಪ್ಪೆಯೆಣ್ಣೆಯ ಬಹುಪಾಲು ಲಿಮೊನೀನ್ ಎಂಬ ಹಗುರ ವಸ್ತು. ಮೈಯ ಬಿಸಿಗೇ ಅದು ಹಾರಿಹೋಗುತ್ತದೆ.

ಅದಕ್ಕೇ ಸೆಂಟು ತಯಾರಕರು ತಳದಲ್ಲಿ ನಿಧಾನವಾಗಿ ಆರುವ ಇನ್ನೊಂದು ಕಂಪನ್ನು ಸೇರಿಸುತ್ತಾರೆ. ನಿಂಬೆ ಹೋದರೂ ತಂಪು ಉಳಿಯಬೇಕಲ್ಲ! ಶೀಸೆಯ ಮೇಲೆ ‘ವೆಟಿವರ್’ ಎಂದಿದ್ದರೆ ಬೆರಗಾಗಬೇಡಿ. ಅದು ತಮಿಳಿನ ‘ವೆಟ್ಟಿವೇರ್’, ನಮ್ಮ ಲಾವಂಚ. ತರಗುಪೇಟೆಯ ಗ್ರಂಥಿಗೆ ಅಂಗಡಿಯಲ್ಲಿ ಕೇಳಿದರೆ ಬೇರಿನ ಕಟ್ಟನ್ನೇ ತೂಗಿ ಕೊಡುತ್ತಾರೆ. ಅಜ್ಜಿಯಂದಿರು ಕುಡಿಯುವ ನೀರಿನ ಹೂಜಿಗೂ ಸೀರೆಯ ಪೆಟ್ಟಿಗೆಗೂ ಹಾಕುತ್ತಿದ್ದುದು ಇದನ್ನೇ.

ಸೆಂಟು ದುಬಾರಿಯೆಂದು ನಿಂಬೆ ಸಿಪ್ಪೆಯನ್ನೇ ಕುತ್ತಿಗೆಗೆ ಉಜ್ಜಿ ಹೊರಡುವವರುಂಟು. ಇದು ಮಾತ್ರ ಬೇಡ. ಸಿಪ್ಪೆಯಲ್ಲಿರುವ ಫ್ಯುರೊಕೌಮರಿನ್‌ಗೆ ಬಿಸಿಲು ತಗುಲಿದರೆ ಚರ್ಮ ಸುಟ್ಟಂತಾಗಿ ಗುಳ್ಳೆಯೇಳುತ್ತದೆ. ಕಪ್ಪು ಕಲೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಹೋಗದು. ಲಾವಂಚದೊಂದಿಗೆ ಪೆಟ್ಟಿಗೆಯಲ್ಲಿಟ್ಟ ಹತ್ತಿಸೀರೆಗೆ ಈ ಕಾಟವಿಲ್ಲ, ಮಧ್ಯಾಹ್ನದ ಬೆವರಿಗೂ ಅದರ ಕಂಪು ಅಷ್ಟು ಬೇಗ ಅಳಿಯುವುದಿಲ್ಲ.