ಹಳೆಯ ಇಂಜಿನಿಗೆ ತಕ್ಕ ಕಾರ್ಬುರೇಟರು

ಆವರಗೆರೆಯಲ್ಲಿ ನಮ್ಮ ನೆರೆಯ ಹಿರಿಯರೊಬ್ಬರ ಮನೆಯಲ್ಲಿ ಅವರ ತಂದೆಯವರು ಕೊಂಡ ಅಂಬಾಸಿಡರ್ ಕಾರೊಂದುಂಟು. ಮನೆಯ ಮದುವೆ, ಬಾಣಂತನಗಳಿಗೆಲ್ಲ ಓಡಾಡಿದ ಬಂಡಿ ಅದು. ಇಂಜಿನು ಹೊಗೆಯುಗುಳತೊಡಗಿದಾಗ ಅವರು ಸಿಲಿಂಡರುಗಳನ್ನು ಒಂದು ಮಿಲಿಮೀಟರಿನಷ್ಟು ಬೋರು ಮಾಡಿಸಿ ಹೊಸ ಪಿಸ್ಟನ್ನುಗಳನ್ನು ಹಾಕಿಸಿದರು. ‘ಇಂಜಿನು ದೊಡ್ಡದಾಯಿತು, ಕಾರ್ಬುರೇಟರೂ ದೊಡ್ಡದಾಗಬೇಕು’ ಎಂದರು ಯಾರೋ. ಹಿರಿಯರು ಹಣ ತೆತ್ತು ಹಾಗೆಯೇ ಮಾಡಿಸಿದರು. ಅಂದಿನಿಂದ, ಹರಿಹರದ ಕಡೆಗೆ ಹಳೆಯ ಪಿ.ಬಿ. ರಸ್ತೆಯಲ್ಲಿ ಲಾರಿಯೊಂದನ್ನು ದಾಟಲೆಂದು ಪೆಡಲು ತುಳಿದರೆ ಬಂಡಿ ಮುಂದೆ ನೆಗೆಯುವ ಬದಲು ಉಸಿರು ಕಟ್ಟಿದಂತೆ ಮುಗ್ಗರಿಸುವುದು. ಎದುರಿಗೆ ಬಸ್ಸು, ಹಿಂದಿನ ಸೀಟಿನಲ್ಲಿ ಮೊಮ್ಮಕ್ಕಳು! “ಮೇಷ್ಟ್ರೇ, ದುಡ್ಡೂ ಹೋಯಿತು, ಧೈರ್ಯವೂ ಹೋಯಿತು” ಎಂದರು ಅವರು.

ಕನ್ನಡ ಪಂಡಿತನಿಗೆ ಯಂತ್ರದ ಗೊಡವೆ ಏಕೆಂದು ನೀವು ಕೇಳಬಹುದು. ಆದರೆ ಛಂದಸ್ಸು ಕಲಿಸುವವನಿಗೆ ಅಳತೆಯ ಮಾತು ಹೊಸದಲ್ಲ. ಮಾತ್ರೆ ಒಂದು ಹೆಚ್ಚಿದರೂ ನಡೆ ಕೆಡುತ್ತದೆ. ಇಲ್ಲಿಯೂ ಆದದ್ದು ಅದೇ.

ಕಾರ್ಬುರೇಟರಿನ ಕೆಲಸವನ್ನು ಮೊದಲು ನೋಡೋಣ. ಇಂಜಿನು ಉಸಿರೆಳೆದಾಗ ಗಾಳಿಯು ಇಕ್ಕಟ್ಟಾದ ಒಂದು ಕಂಠದ ಮೂಲಕ ಹಾಯುತ್ತದೆ. ಇಕ್ಕಟ್ಟಿನಲ್ಲಿ ಗಾಳಿಯ ವೇಗ ಹೆಚ್ಚುತ್ತದೆ, ಒತ್ತಡ ತಗ್ಗುತ್ತದೆ. ಇದನ್ನು ಇಟಲಿಯ ವಿದ್ವಾಂಸ ವೆಂಚುರಿ 1797ರಲ್ಲಿ ವಿವರಿಸಿದ್ದನು. ಆ ಕಂಠಕ್ಕೆ ಇಂದಿಗೂ ಅವನದೇ ಹೆಸರು. ಒತ್ತಡ ತಗ್ಗಿದೆಡೆಗೆ ಪೆಟ್ರೋಲು ಸಣ್ಣ ರಂಧ್ರದಿಂದ ಚಿಮ್ಮಿ, ತುಂತುರಾಗಿ ಗಾಳಿಯೊಡನೆ ಬೆರೆಯುತ್ತದೆ. ನಮ್ಮ ತಾಯಂದಿರು ಒಲೆ ಊದುತ್ತಿದ್ದ ಊದುಗೊಳವೆಯನ್ನು ನೆನೆಯಿರಿ. ಸಣ್ಣ ಬಾಯಿಯ ಕೊಳವೆಯಿಂದ ಊದಿದರೆ ಕೆಂಡ ಥಟ್ಟನೆ ಕೆರಳುವುದು. ಅದೇ ಉಸಿರನ್ನು ದಪ್ಪ ಬಿದಿರಿನಲ್ಲಿ ಊದಿದರೆ ಬೂದಿ ಸಹ ಅಲುಗದು. ಕಂಠ ಅತಿ ಅಗಲವಾದರೆ ಗಾಳಿ ನಿಧಾನವಾಗಿ, ಪೆಟ್ರೋಲು ತುಂತುರಾಗದೆ ಹನಿಹನಿಯಾಗಿ ಉಳಿಯುತ್ತದೆ. ಪೆಡಲು ತುಳಿದ ಕ್ಷಣದಲ್ಲಿ ಬಂಡಿ ಮುಗ್ಗರಿಸುವುದು ಇದರಿಂದಲೇ. ಕಂಠ ಅತಿ ಕಿರಿದಾದರೂ ದೋಷವುಂಟು: ಇಂಜಿನು ಹೆಚ್ಚು ವೇಗದಲ್ಲಿ ತಿರುಗುವಾಗ ಉಸಿರು ಸಾಲದು.

ಹಾಗಾದರೆ ಎಷ್ಟು ಸಾಕು? ಸ್ಲೇಟು ಹಿಡಿಯಿರಿ. ಅಂಬಾಸಿಡರಿನ ಪ್ರಸಿದ್ಧ ಪೆಟ್ರೋಲು ಇಂಜಿನು 1,489 ಘನ ಸೆಂಟಿಮೀಟರಿನದು. ಸಿಲಿಂಡರಿನ ವ್ಯಾಸ ಸುಮಾರು 73 ಮಿ.ಮೀ., ಪಿಸ್ಟನ್ನಿನ ಓಟ 88.9 ಮಿ.ಮೀ. ವ್ಯಾಸವನ್ನು ಒಂದು ಮಿ.ಮೀ. ಹೆಚ್ಚಿಸಿದರೆ ಇಂಜಿನು ಸುಮಾರು 1,530 ಆಗುತ್ತದೆ. ಹೆಚ್ಚಿದ್ದು ನೂರಕ್ಕೆ ಮೂರಕ್ಕಿಂತಲೂ ಕಡಿಮೆ! ಈ ಬಗೆಯ ಇಂಜಿನು ಎರಡು ಸುತ್ತಿಗೊಮ್ಮೆ ತನ್ನ ಹೊಟ್ಟೆ ತುಂಬ ಗಾಳಿ ಎಳೆಯುತ್ತದೆ. ವಾಸ್ತವವಾಗಿ ತುಂಬುವುದು ನೂರಕ್ಕೆ ಎಂಬತ್ತು ಎಂದಿಟ್ಟುಕೊಳ್ಳೋಣ. ನಿಮಿಷಕ್ಕೆ 4,200 ಸುತ್ತಿನಲ್ಲಿ ಹಳೆಯ ಇಂಜಿನಿಗೆ ಬೇಕಾದ ಗಾಳಿ ಸುಮಾರು 2,500 ಲೀಟರು, ಬೋರು ಮಾಡಿಸಿದ ಇಂಜಿನಿಗೆ ಸುಮಾರು 2,570. ಇಷ್ಟು ವ್ಯತ್ಯಾಸಕ್ಕೆ ಕಾರ್ಬುರೇಟರು ಬದಲಿಸುವುದು, ಹುಡುಗ ಒಂದು ಅಂಗುಲ ಬೆಳೆದನೆಂದು ಮನೆಯ ಬಾಗಿಲನ್ನೇ ಕೀಳಿಸಿದಂತೆ.

ಇದಕ್ಕೆ ಪ್ರತಿಯಾಗಿ ಇಂಗ್ಲೆಂಡಿನ ಒಂದು ನಿದರ್ಶನವಿದೆ. 1955ರಲ್ಲಿ ಬಂದ ಎಂ.ಜಿ.ಎ. ಎಂಬ ಸ್ಪೋರ್ಟ್ಸ್ ಕಾರಿನಲ್ಲಿದ್ದದ್ದು ಇದೇ ವಂಶದ, ಇದೇ 1,489ರ ಇಂಜಿನು. ಅದಕ್ಕೆ ಒಂದೂವರೆ ಅಂಗುಲದ ಎರಡು ಎಸ್.ಯು. ಕಾರ್ಬುರೇಟರುಗಳಿದ್ದವು. ಆದರೆ ಅದನ್ನು 5,500 ಸುತ್ತಿನವರೆಗೆ ಓಡಿಸುವ ಉದ್ದೇಶವಿತ್ತು. ಆ ವೇಗದಲ್ಲಿ, ನಮ್ಮ ಲೆಕ್ಕದಂತೆಯೇ, ಬೇಕಾದ ಗಾಳಿ 3,270 ಲೀಟರನ್ನು ಮೀರುತ್ತದೆ. ಆದುದರಿಂದ ಕಾರ್ಬುರೇಟರನ್ನು ಆರಿಸುವಾಗ ‘ಇಂಜಿನು ಎಷ್ಟು ದೊಡ್ಡದು?’ ಎಂದಷ್ಟೇ ಕೇಳಿದರೆ ಸಾಲದು. ‘ನಾನು ಇದನ್ನು ಯಾವ ವೇಗದಲ್ಲಿ ಓಡಿಸುವವನು?’ ಎಂದೂ ಕೇಳಿಕೊಳ್ಳಬೇಕು. ಕ್ಯಾಮು, ವಾಲ್ವುಗಳನ್ನು ಹೆಚ್ಚಿನ ವೇಗಕ್ಕೆಂದೇ ಬದಲಿಸಿದವರಿಗೆ ದೊಡ್ಡ ಕಂಠ ಸಲ್ಲುತ್ತದೆ. ಸಂತೆಗೆ, ಮದುವೆಗೆ ಹೋಗುವವರಿಗೆ ಸಲ್ಲದು.

ಬಗೆಯಲ್ಲಿಯೂ ಆಯ್ಕೆಯುಂಟು. ಸೋಲೆಕ್ಸ್ ಮಾದರಿಯಲ್ಲಿ ಕಂಠದ ಅಳತೆ ಸ್ಥಿರ. ಪೆಟ್ರೋಲಿನ ಪ್ರಮಾಣವನ್ನು ಜೆಟ್ಟು ಎಂಬ ಸಣ್ಣ ಹಿತ್ತಾಳೆಯ ರಂಧ್ರಗಳು ನಿರ್ಧರಿಸುತ್ತವೆ. ಎಸ್.ಯು. ಮಾದರಿಯಲ್ಲಿ ಗಾಳಿಯ ಸೆಳೆತಕ್ಕೆ ತಕ್ಕಂತೆ ಒಂದು ಪಿಸ್ಟನ್ನು ಮೇಲೇರಿ ಕಂಠವನ್ನು ತಾನೇ ಅಗಲಿಸುತ್ತದೆ. ಅದಕ್ಕಂಟಿದ ಮೊನಚು ಸೂಜಿ ಪೆಟ್ರೋಲನ್ನು ಅಳೆಯುತ್ತದೆ. ಬದಲಾವಣೆ ಕಂಡ ಇಂಜಿನಿಗೆ ಎಸ್.ಯು. ಅನುಕೂಲ, ಏಕೆಂದರೆ ಹಲವು ವೇಳೆ ಸೂಜಿಯೊಂದನ್ನು ಬದಲಿಸಿದರೆ ಸಾಕು. ಅದರ ಮೇಲಿನ ಡ್ಯಾಂಪರಿನಲ್ಲಿ ಎಣ್ಣೆ ಇಲ್ಲದಿದ್ದರೆ ಮಾತ್ರ ಅದೂ ಮುಗ್ಗರಿಸುವುದು.

ಇಂದಿನ ಪೆಟ್ರೋಲಿನ ವಿಚಾರವನ್ನೂ ಮರೆಯುವಂತಿಲ್ಲ. ನೂರಕ್ಕೆ ಇಪ್ಪತ್ತು ಪಾಲು ಎಥನಾಲು ಬೆರೆಸಿದ ಪೆಟ್ರೋಲಿಗೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿಯೇ ಚಾಲನೆ ದೊರೆಯಿತು. ಕಬ್ಬಿನಿಂದಲೂ ನಮ್ಮ ಸೀಮೆಯ ಹೊಲಗಳಲ್ಲಿ ತುಂಬಿರುವ ಮೆಕ್ಕೆಜೋಳದಿಂದಲೂ ಎಥನಾಲನ್ನು ತೆಗೆಯುತ್ತಾರೆ. ಶುದ್ಧ ಪೆಟ್ರೋಲು ಪೂರ್ತಿ ಉರಿಯಲು ತೂಕದಲ್ಲಿ ಒಂದು ಪಾಲಿಗೆ 14.7 ಪಾಲು ಗಾಳಿ ಬೇಕು. ಈ ಮಿಶ್ರಣಕ್ಕೆ ಸುಮಾರು ಹದಿಮೂರುವರೆ ಪಾಲು ಸಾಕು. ಎಂದರೆ ಹಳೆಯ ಜೆಟ್ಟಿನಲ್ಲಿ ಇಂಜಿನಿಗೆ ಇಂಧನ ಕೊಂಚ ಕಡಿಮೆ ಬೀಳುತ್ತದೆ. ತುಸು ದೊಡ್ಡ ಜೆಟ್ಟು ಅಥವಾ ತುಸು ತೆಳು ಸೂಜಿ ಬೇಕಾಗಬಹುದು. ಹಳೆಯ ರಬ್ಬರು ಕೊಳವೆಗಳನ್ನೂ ಬದಲಿಸಿಡಿ; ಎಥನಾಲು ಅವುಗಳನ್ನು ಕೆಡಿಸುತ್ತದೆ.

ಹೊಸದನ್ನು ಕೊಳ್ಳುವ ಮುನ್ನ ಹಳೆಯದನ್ನು ಬಿಚ್ಚಿಸಿ ತೊಳೆಸಿ. ಥ್ರಾಟಲಿನ ದಂಡ ಸವೆದು ಅಲುಗಾಡುತ್ತಿದ್ದರೆ ಆ ಸಂದಿಯಿಂದ ಗಾಳಿ ನುಸುಳಿ ಮಿಶ್ರಣ ಕೆಡುತ್ತದೆ, ಅದನ್ನು ಸರಿಪಡಿಸಿ. ನಾಲ್ಕಾರು ಮೈಲಿ ಓಡಿಸಿ ಸ್ಪಾರ್ಕ್ ಪ್ಲಗ್ಗನ್ನು ನೋಡಿ. ತಿಳಿ ಕಂದು ಬಣ್ಣವಿದ್ದರೆ ಹದ. ಕಪ್ಪು ಮಸಿಯಿದ್ದರೆ ಪೆಟ್ರೋಲು ಹೆಚ್ಚು. ಬೆಳ್ಳಗಿದ್ದರೆ ಪೆಟ್ರೋಲು ಕಡಿಮೆ. ಇದೇ ಹೆಚ್ಚು ಅಪಾಯ, ವಾಲ್ವು ಸುಟ್ಟೀತು.

ನಮ್ಮ ಹಿರಿಯರು ಅಟ್ಟದ ಮೇಲಿದ್ದ ಹಳೆಯ ಎಸ್.ಯು.ವನ್ನೇ ಇಳಿಸಿದರು. ದಂಡಕ್ಕೆ ಹೊಸ ಬುಷ್ಷು, ಒಂದು ಸೂಜಿ, ಹೊಸ ಕೊಳವೆ: ಆದ ಖರ್ಚು ಇಷ್ಟೇ. ಕಳೆದ ವಾರ ಮೊಮ್ಮಕ್ಕಳನ್ನು ಕೂರಿಸಿಕೊಂಡು ಹರಿಹರೇಶ್ವರನ ದರ್ಶನಕ್ಕೆ ಹೋಗಿಬಂದರು. ದಾರಿಯಲ್ಲಿ ಎರಡು ಲಾರಿಗಳನ್ನು ದಾಟಿದರಂತೆ. ಬಂಡಿ ಒಮ್ಮೆಯೂ ಮುಗ್ಗರಿಸಲಿಲ್ಲವಂತೆ.