ಯೌವನಚಾಪಲವೂ ಪಾನವ್ಯಸನವೂ

ತುಳುನಾಡಿನಲ್ಲಿ ‘ಎರ್ಮಾಳ್ ಜಪ್ಪು, ಖಂಡೇವು ಅಡೆಪು’ ಎಂಬ ನಾಣ್ಣುಡಿ ಪ್ರಸಿದ್ಧವಾಗಿದೆ. ಜಾತ್ರೆಗಳ ಕಾಲವು ಕಾಪುವಿನ ತೆಂಕಣ ಕಡಲತಡಿಯಲ್ಲಿರುವ ಎರ್ಮಾಳಿನಲ್ಲಿ ತೊಡಗಿ, ಚೇಳಾಯ್ರಿನ ಖಂಡಿಗೆಯಲ್ಲಿ ಮುಗಿಯುವುದೆಂಬುದು ಇದರ ತಾತ್ಪರ್ಯ. ಜಪ್ಪು ಎಂದರೆ ಇಳಿಯುವುದು, ತೊಡಗುವುದು. ಅಡೆಪು ಎಂದರೆ ಮುಚ್ಚುವುದು. ಈ ನಡುವಣ ತಿಂಗಳುಗಳಲ್ಲಿ ಜಾತ್ರೆ, ನೇಮ, ಕಂಬಳಗಳಿಗೆ ಹೋದ ತರುಣರು ಗೆಳೆಯರೊಡನೆ ಕುಡಿದು ಹೊತ್ತುಮೀರಿ ಮನೆಗೆ ಬರುವುದು ಅಪೂರ್ವವಲ್ಲ. ಇದನ್ನು ಕಂಡ ಹಿರಿಯರಲ್ಲಿ ಎರಡು ಪಕ್ಷಗಳುಂಟು. ‘ಮಗನು ಕುಡುಕನಾದನು’ ಎಂದು ಒಂದೇ ಇರುಳಿಗೆ ತೀರ್ಪುಕೊಡುವವರು ಕೆಲವರು. ‘ಪ್ರಾಯದ ಹುಡುಗಾಟ, ಮದುವೆಯಾದರೆ ಸರಿಹೋಗುವುದು’ ಎಂದು ವರ್ಷಾನುಗಟ್ಟಲೆ ಸುಮ್ಮನಿರುವವರು ಕೆಲವರು. ಮೊದಲನೆಯವರಿಂದ ನಿರ್ದೋಷಿಗೆ ಕಲಂಕವೂ, ಎರಡನೆಯವರಿಂದ ರೋಗಿಗೆ ನಾಶವೂ ಒದಗುವುದರಿಂದ ಇವೆರಡರ ಭೇದವನ್ನು ವಿಚಾರಿಸುವುದು ಯುಕ್ತವಾಗಿದೆ.

ಭಾಷೆಯು ಈ ಭೇದವನ್ನು ಮೊದಲೇ ಗುರುತಿಸಿದೆ. ‘ಕುಡಿದವನು’ ಎಂಬ ಕೃದಂತವು ನಡೆದುಹೋದ ಒಂದು ಕ್ರಿಯೆಯನ್ನಷ್ಟೇ ತಿಳಿಸುವುದು. ‘ಕುಡುಕ’ ಎಂಬುದಾದರೋ ಸಂಸ್ಕೃತ ವೈಯಾಕರಣರು ತಾಚ್ಛೀಲ್ಯವೆನ್ನುವ ಬಿಡದ ಸ್ವಭಾವವನ್ನು ತಿಳಿಸುವುದು. ವ್ಯಸನಶಬ್ದವು ‘ವಿ’ ಉಪಸರ್ಗದೊಡನೆ, ಎಸೆ ಎಂಬರ್ಥದ ‘ಅಸ್’ ಧಾತುವಿನಿಂದ ಹುಟ್ಟಿದೆ. ಮನುಷ್ಯನನ್ನು ಶ್ರೇಯಸ್ಸಿನಿಂದ ಆಚೆಗೆ ಎಸೆಯುವುದರಿಂದ ಅದಕ್ಕೆ ಆ ಹೆಸರೆಂದು ಕೌಟಿಲ್ಯನು ಅರ್ಥಶಾಸ್ತ್ರದ ಎಂಟನೆಯ ಅಧಿಕರಣದಲ್ಲಿ ನಿರ್ವಚಿಸಿ, ಬೇಟೆ, ಜೂಜು, ಸ್ತ್ರೀ, ಪಾನಗಳೆಂಬ ನಾಲ್ಕನ್ನು ಕಾಮಜವ್ಯಸನಗಳಾಗಿ ಎಣಿಸಿರುವನು. ಎಡವಿದವನು ತಾನಾಗಿ ಏಳಬಲ್ಲನು. ಎಸೆಯಲ್ಪಟ್ಟವನಿಗೆ ಮರಳುವುದು ತನ್ನ ಕೈಯಲ್ಲಿಲ್ಲ. ಕನ್ನಡದಲ್ಲಿ ವ್ಯಸನವೆಂದರೆ ದುಃಖವೆಂಬರ್ಥವೂ ರೂಢವಾಗಿರುವುದು ಇಲ್ಲಿ ಸಾರ್ಥಕವೇ ಸರಿ.

ಆಲಂಕಾರಿಕರ ವಿಭಾಗವೂ ಇದಕ್ಕೆ ಅನುಕೂಲವಾಗಿದೆ. ಭರತನ ಮೂವತ್ತಮೂರು ವ್ಯಭಿಚಾರಿಭಾವಗಳಲ್ಲಿ ಮದವೂ ಉಂಟು, ಚಪಲತೆಯೂ ಉಂಟು. ಬಂದು ಹೋಗುವುದೇ ಇವುಗಳ ಲಕ್ಷಣ. ಒಂದು ಇರುಳಿನ ಮದವನ್ನು ಕಂಡು ವ್ಯಸನವೆನ್ನುವುದು ಸಂಚಾರಿಯನ್ನು ಸ್ಥಾಯಿಯೆಂದು ಬಗೆದಂತೆ.

ವೈದ್ಯಗ್ರಂಥಗಳಲ್ಲಿ ಚರಕಸಂಹಿತೆಯ ಚಿಕಿತ್ಸಾಸ್ಥಾನದ ೨೪ನೆಯ ಅಧ್ಯಾಯವು ಮದಾತ್ಯಯಕ್ಕೇ ಮೀಸಲಾಗಿದೆ. ಅಲ್ಲಿ ಮದದ ಮೂರು ಅವಸ್ಥೆಗಳು ವರ್ಣಿತವಾಗಿವೆ: ಮೊದಲನೆಯದರಲ್ಲಿ ಹರ್ಷ, ಎರಡನೆಯದರಲ್ಲಿ ಸ್ಮೃತಿ ಮತ್ತು ಮಾತುಗಳ ತಡವರಿಕೆ, ಮೂರನೆಯದರಲ್ಲಿ ಮುರಿದುಬಿದ್ದ ಮರದಂತಹ ನಿಶ್ಚೇಷ್ಟೆ. ಇವು ಒಂದು ಸಲದ ಪಾನದ ಅವಸ್ಥೆಗಳೇ ಹೊರತು ವ್ಯಸನದ ಮೆಟ್ಟಿಲುಗಳಲ್ಲ. ಕುಡಿತವನ್ನು ಬಿಟ್ಟಿದ್ದವನು ಮತ್ತೆ ಒಮ್ಮೆಗೇ ಅತಿಯಾಗಿ ಕುಡಿದಾಗ ಬರುವ ಧ್ವಂಸಕವೇ ಮೊದಲಾದ ಎರಡು ವ್ಯಾಧಿಗಳನ್ನು ಚರಕವು ಬೇರೆಯಾಗಿಯೇ ಹೇಳಿದೆ.

ಲೋಕವು ಮೋಸಹೋಗುವುದು ಇಲ್ಲಿಯೇ. ಬೀದಿಯಲ್ಲಿ ತೂರಾಡಿ ಬಿದ್ದವನನ್ನು ಎಲ್ಲರೂ ಕುಡುಕನೆನ್ನುವರು. ಬಹಳ ಕುಡಿದೂ ನೆಟ್ಟಗೆ ನಡೆಯುವವನನ್ನು ‘ತಡೆದುಕೊಳ್ಳಬಲ್ಲವನು’ ಎಂದು ಹೊಗಳುವರು. ವಾಸ್ತವದಲ್ಲಿ ಅಭ್ಯಾಸವಿಲ್ಲದ ಹುಡುಗನು ಸ್ವಲ್ಪಕ್ಕೇ ತೂರಾಡುವನು. ಬಹಳ ಕುಡಿದರೂ ಅಮಲು ಕಾಣದಿರುವುದು ದೇಹವು ಮದ್ಯಕ್ಕೆ ಒಗ್ಗಿಹೋದುದರ ಗುರುತು; ಅದು ಪ್ರಶಂಸೆಗೆ ಕಾರಣವಲ್ಲ, ಶಂಕೆಗೆ ಕಾರಣ.

ಪಾಶ್ಚಾತ್ಯ ವೈದ್ಯರಲ್ಲಿ ಎಡ್ವರ್ಡ್ಸ್ ಮತ್ತು ಗ್ರಾಸ್ ಎಂಬವರು ೧೯೭೬ರಲ್ಲಿ ಮದ್ಯಾವಲಂಬನದ ಲಕ್ಷಣಸಮೂಹವನ್ನು ನಿರೂಪಿಸಿದರು. ವಿಶ್ವ ಆರೋಗ್ಯ ಸಂಸ್ಥೆಯ ಹತ್ತನೆಯ ರೋಗವರ್ಗೀಕರಣದಲ್ಲಿ ಅದಕ್ಕೆ ಆರು ಲಕ್ಷಣಗಳು ಹೇಳಲ್ಪಟ್ಟಿವೆ: ತಡೆಯಲಾಗದ ಬಯಕೆ, ತೊಡಗುವುದು, ನಿಲ್ಲಿಸುವುದು, ಪ್ರಮಾಣ ಇವುಗಳಲ್ಲಿ ಹಿಡಿತ ತಪ್ಪುವುದು, ಬಿಟ್ಟಾಗ ನಡುಕ, ಬೆವರು, ನಿದ್ರಾನಾಶ ಮುಂತಾದ ಬಾಧೆ, ಮೊದಲಿನ ಪರಿಣಾಮಕ್ಕೆ ಹೆಚ್ಚು ಹೆಚ್ಚು ಬೇಕಾಗುವುದು, ಇತರ ಸಂತೋಷಗಳನ್ನು ತೊರೆಯುವುದು, ಹಾನಿಯನ್ನು ಅರಿತೂ ಮುಂದುವರಿಸುವುದು. ಒಂದು ವರ್ಷದೊಳಗೆ ಇವುಗಳಲ್ಲಿ ಮೂರಾದರೂ ಕೂಡಿಕೊಂಡಿದ್ದರೆ ಅವಲಂಬನವೆಂದು ನಿರ್ಣಯಿಸುವರು. ಇವುಗಳಲ್ಲಿ ವಯಸ್ಸಿನ ಮಾತೇ ಇಲ್ಲದಿರುವುದು ಗಮನಾರ್ಹ. ಇಪ್ಪತ್ತೆರಡರ ತರುಣನೂ ವ್ಯಸನಿಯಾಗಿರಬಹುದು; ಐವತ್ತರವನೂ ಕೇವಲ ಚಪಲನಾಗಿರಬಹುದು.

ಈ ಆರನ್ನೂ ಎರ್ಮಾಳಿನ ನಾಣ್ಣುಡಿಯು ಎರಡು ಮಾತಿನಲ್ಲಿ ಅಡಕಮಾಡಿದಂತಿದೆ. ಚಪಲನಿಗೂ ವ್ಯಸನಿಗೂ ಜಪ್ಪು ಒಂದೇ, ಭೇದವಿರುವುದು ಅಡೆಪಿನಲ್ಲಿ. ಚಪಲನು ಜಾತ್ರೆಗಾಗಿ ಕುಡಿಯುವನು, ಜಾತ್ರೆ ಮುಗಿದಾಗ ಮರೆಯುವನು. ವ್ಯಸನಿಯು ಕುಡಿತಕ್ಕಾಗಿ ಜಾತ್ರೆಯನ್ನು ಹುಡುಕುವನು. ಜಾತ್ರೆಯಿಲ್ಲದ ಮಳೆಗಾಲದಲ್ಲಿ ಒಬ್ಬನೇ ಕುಳಿತು ಕುಡಿಯುವನು. ಆದುದರಿಂದ ಮನೆಯವರು ‘ಎಷ್ಟು ಕುಡಿದೆ?’ ಎಂದು ಕೇಳುವುದಕ್ಕಿಂತ ಕೆಲವು ಸಂಗತಿಗಳನ್ನು ಗಮನಿಸುವುದು ಲೇಸು. ಇಷ್ಟಕ್ಕೆ ನಿಲ್ಲಿಸುವೆನೆಂದು ತಾನೇ ಹೇಳಿದ ಮಾತು ನಿಂತಿತೇ? ಬೆಳಗ್ಗೆ ನಡುಗುವ ಕೈ ಕುಡಿದ ಮೇಲೆ ನೆಟ್ಟಗಾಗುವುದೇ? ಮೊದಲು ಪ್ರಿಯವಾಗಿದ್ದ ಯಕ್ಷಗಾನ, ಆಟ, ಗೆಳೆತನಗಳು ಈಗ ಬೇಡವಾದುವೇ?

ಹಾಗೆಂದು ಚಾಪಲವು ನಿರಪಾಯವೆಂದು ಭಾವಿಸಬಾರದು. ಕುಡಿದು ವಾಹನವನ್ನು ನಡೆಸುವುದಕ್ಕೂ ಕಡಲಿಗೆ ಇಳಿಯುವುದಕ್ಕೂ ಒಂದೇ ಇರುಳು ಸಾಕು. ಎಳೆಯ ವಯಸ್ಸಿನಲ್ಲೇ ಕುಡಿತಕ್ಕೆ ತೊಡಗಿದವರಿಗೆ ಮುಂದೆ ವ್ಯಸನದ ಸಂಭವವೂ ಹೆಚ್ಚು. ಭಾರತ ಸರ್ಕಾರವು ೨೦೧೯ರಲ್ಲಿ ಪ್ರಕಟಿಸಿದ ಸಮೀಕ್ಷೆಯಂತೆ ೧೦ರಿಂದ ೭೫ ವರ್ಷದವರಲ್ಲಿ ಶೇಕಡಾ ೧೪.೬ ಮಂದಿ ಮದ್ಯಪಾನಿಗಳು, ಶೇಕಡಾ ೫.೨ ಮಂದಿ, ಎಂದರೆ ಸುಮಾರು ೫.೭ ಕೋಟಿ ಜನರು, ನೆರವು ಬೇಕಾದ ಸ್ಥಿತಿಯಲ್ಲಿರುವವರು. ಕುಡಿಯುವವರೆಲ್ಲರೂ ವ್ಯಸನಿಗಳಲ್ಲವೆಂಬುದೂ, ವ್ಯಸನವು ಅಪೂರ್ವವಲ್ಲವೆಂಬುದೂ ಈ ಒಂದೇ ಲೆಕ್ಕದಿಂದ ಸಿದ್ಧಿಸುವುದು.

ಭೇದವನ್ನರಿಯುವುದರ ಪ್ರಯೋಜನವು ಉಪಾಯದಲ್ಲಿದೆ. ೧೯೧೨ರಲ್ಲಿ ಮಂಗಳೂರಿನ ಕುದ್ರೋಳಿಯಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠಾಪಿಸಿದ ಶ್ರೀ ನಾರಾಯಣಗುರುಗಳು ಕಳ್ಳಿನ ಕಸುಬಿನವರಿಗೇ ಮದ್ಯವನ್ನು ಮಾಡಬಾರದು, ಕೊಡಬಾರದು, ಕುಡಿಯಬಾರದು ಎಂದು ಬೋಧಿಸಿದರು. ಮದ್ರಾಸು ಪ್ರಾಂತ್ಯದಲ್ಲಿ ೧೯೩೭ರಲ್ಲಿ ಸೇಲಂ ಜಿಲ್ಲೆಯಿಂದ ತೊಡಗಿದ ಪಾನನಿಷೇಧವು ೧೯೪೮ರಲ್ಲಿ ಪ್ರಾಂತ್ಯವನ್ನೆಲ್ಲ ವ್ಯಾಪಿಸಿತು. ದಕ್ಷಿಣ ಕನ್ನಡವೂ ಆಗ ಅದರಲ್ಲಿ ಸೇರಿತ್ತು. ಬೋಧೆಯೂ ಶಾಸನವೂ ಚಪಲನನ್ನು ತಡೆಯಬಲ್ಲವು. ವ್ಯಸನಿಗೆ ಅವುಗಳೊಡನೆ ಚಿಕಿತ್ಸೆಯೂ ಬೇಕು. ವಿಶೇಷವಾಗಿ, ಬಹುಕಾಲ ನಿತ್ಯವೂ ಕುಡಿದವನನ್ನು ಕೋಣೆಯಲ್ಲಿ ಕೂಡಿಹಾಕಿ ಒಮ್ಮೆಗೇ ಬಿಡಿಸುವುದು ಅಪಾಯಕರ: ಎರಡು ಮೂರು ದಿನಗಳಲ್ಲಿ ಸೆಳವು, ಭ್ರಮೆ, ಒಮ್ಮೊಮ್ಮೆ ಮರಣವೂ ಸಂಭವಿಸಬಹುದು. ಅಂತಹವನನ್ನು ವೈದ್ಯರ ಕಣ್ಣೆದುರಿನಲ್ಲಿಯೇ ಬಿಡಿಸತಕ್ಕದ್ದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಇದಕ್ಕಾಗಿಯೇ ಪ್ರತ್ಯೇಕ ವಿಭಾಗವಿದೆ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯ ಆಶ್ರಯದಲ್ಲಿ ಮದ್ಯವರ್ಜನ ಶಿಬಿರಗಳು ನಡೆಯುತ್ತಿವೆ.

ಚಪಲನಿಗೆ ಹಿತವಾದ ಗದರಿಕೆಯು ವ್ಯಸನಿಗೆ ವ್ಯರ್ಥ. ವ್ಯಸನಿಗೆ ಬೇಕಾದ ಚಿಕಿತ್ಸೆಯು ಚಪಲನಿಗೆ ಅನಾವಶ್ಯಕ. ಯಾವನಿಗೆ ಅಡೆಪು ತನ್ನ ಕೈಯಲ್ಲಿಯೇ ಇದೆಯೋ ಅವನನ್ನು ಬುದ್ಧಿಹೇಳಿ ಕಾಯುವುದು, ಯಾವನ ಕೈಯಿಂದ ಅದು ಜಾರಿದೆಯೋ ಅವನಿಗೆ ಕೈಗೊಟ್ಟು ಎತ್ತುವುದು ಹಿರಿಯರ ಕರ್ತವ್ಯವಾಗಿದೆ.